ಸೆರೆ ಮುಟ್ಟದ ರಾಯವ್ವ

ಕಣಗಲಾ ಊರಿನ ಕೇರಿಯೊಳಗಿನ ಸೆರೆ ಅಂಗಡಿಯನ್ನು ಮುಚ್ಚಿಸಿದವಳು ರಾಯವ್ವ. ಗಂಡ ಸಾತಪ್ಪ ಕುಡಿದು ಕುಡಿದೇ ಸತ್ತಿದ್ದ. ಅವನನ್ನು ಮಣ್ಣು ಮಾಡಿದ ಮರುವಾರವೇ ಹೆಂಗಸರನ್ನು ಕಟ್ಟಿಕೊಂಡು ಅಂಗಡಿಯ ಮುಂದೆ ಕೂತಳು. ಪೊಲೀಸರು ಬಂದರೂ ಏಳಲಿಲ್ಲ. ಕೊನೆಗೆ ಅಂಗಡಿಯವನೇ ಗಂಟುಮೂಟೆ ಕಟ್ಟಿದ.

ಅಂಥವಳ ಹೊಟ್ಟೆ ಈ ಬೇಸಿಗೆಯಲ್ಲಿ ಉಬ್ಬತೊಡಗಿತು. ಕಾಲು ಬಾತವು, ಕಣ್ಣು ಹಳದಿಯಾದವು. ಸಾತಪ್ಪನ ಕೊನೆಗಾಲ ಕಂಡವರಿಗೆ ಇದು ಹೊಸದಾಗಿರಲಿಲ್ಲ. ಅಂದು ಅಂಗಡಿಯ ಮುಂದೆ ಜೊತೆಗೆ ಕೂತಿದ್ದ ಯಲ್ಲಕ್ಕನೇ ನಳದ ಹತ್ತಿರ ಮುಖ ನೋಡದೆ ಕೇಳಿದಳು: "ಖರೆ ಹೇಳ ರಾಯವ್ವಾ, ನೀನೂ ಕುಡಿತಿದ್ದೇನ?"

ರಾಯವ್ವ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದಳು. ಆಮೇಲೆ ಹೊಸ್ತಿಲು ದಾಟಲಿಲ್ಲ. ದವಾಖಾನೆಗೂ ಒಲ್ಲೆ ಎಂದಳು, ಅಲ್ಲಿಯೂ ಅದನ್ನೇ ಕೇಳುತ್ತಾರೆಂಬ ಭಯಕ್ಕೆ.

ಒಂದು ಮುಂಜಾನೆ ಅಂಗಳದಲ್ಲೇ ರಕ್ತ ಕಾರಿದಳು. ಮಗಳು ಪೂನಮ್ ಬಾಡಿಗೆ ಗಾಡಿ ಹಿಡಿದು, ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಘಟಪ್ರಭಾದ ಆಸ್ಪತ್ರೆಯ ಕಡೆ ಹೊರಟಳು. ಹುಕ್ಕೇರಿ ದಾಟುವಾಗ ಇನ್ನೊಮ್ಮೆ ರಕ್ತ ಬಂತು.

"ಕಣ್ಣ ಮುಚ್ಚಬ್ಯಾಡ ಅವ್ವಾ, ಏನರ ಮಾತಾಡ," ಎಂದು ಪೂನಮ್ ಕೆನ್ನೆ ತಟ್ಟುತ್ತಲೇ ಇದ್ದಳು. ರಾಯವ್ವನಿಗೆ ನಾಲಿಗೆ ಏಳಲಿಲ್ಲ. ಈಗ ಸತ್ತರೆ ಕುಡಿದು ಸತ್ತಳು ಎನ್ನುತ್ತಾರೆ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಅನ್ನನಾಳದಲ್ಲಿ ಒಡೆದಿದ್ದ ರಕ್ತನಾಳವನ್ನು ಆಸ್ಪತ್ರೆಯಲ್ಲಿ ಕಟ್ಟಿ ನಿಲ್ಲಿಸಿದರು. ಎಚ್ಚರವಾದಾಗ ಡಾಕ್ಟರ್ ಶೈಲಾ ಹಾಸಿಗೆಯ ಬದಿಗೆ ನಿಂತಿದ್ದರು.

"ನಾ ಕುಡಿಯಾಕಿ ಅಲ್ರಿ," ಎಂದಳು ರಾಯವ್ವ, ಅವರು ಬಾಯಿ ತೆರೆಯುವ ಮೊದಲೇ.

"ನಂಬತೇನ್ರಿ. ಲಿವರ್ ಕೆಟ್ಟಿದ್ದಕ್ಕ ರಕ್ತ ಬಂದೈತಿ. ನಿಮಗ ಶುಗರ್ ಐತಿ. ಭಾಳ ವರ್ಷದ್ದಿರಬೇಕು. ಕುಡಿಯದವರ ಲಿವರನ್ನೂ ಅದು ಕೆಡಸತೈತಿ. ಎಂದೂ ರಕ್ತ ತಪಾಸ ಮಾಡಿಸಿಲ್ಲೇನ್ರಿ?"

ಮಾಡಿಸಿರಲಿಲ್ಲ. ಬಾಯಾರಿಕೆಯನ್ನು ಹೊಲದ ಬಿಸಿಲಿಗೆ ಹಚ್ಚಿದ್ದಳು, ಅಂಗಾಲಿನ ಉರಿಯನ್ನು ವಯಸ್ಸಿಗೆ.

"ಆರಾಮ ಆಗತೈತೇನ್ರಿ?"

"ಕೆಟ್ಟದ್ದು ಪೂರಾ ಸುಧಾರಸಂಗಿಲ್ಲ. ಇನ್ನಷ್ಟು ಕೆಡದಂಗ ಕಾಯಬೇಕು."

ರಾಯವ್ವ ಪಕ್ಕದಲ್ಲಿದ್ದ ಮಗಳ ಕೈ ಹಿಡಿದು ಮುಂದೆ ಚಾಚಿದಳು. "ಮೊದಲ ಇಕಿದು ನೋಡ್ರಿ."

ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದರು. ಯಂತ್ರದಲ್ಲಿ ಅಂಕಿ ಮೂಡುವವರೆಗೆ ರಾಯವ್ವ ಮಗಳ ಕೈ ಬಿಡಲಿಲ್ಲ. ಪೂನಮ್‌ಗೂ ಸಕ್ಕರೆ ಅಂಶ ತುಸು ಹೆಚ್ಚಿತ್ತು. ಮರುದಿನದ ಸ್ಕ್ಯಾನಿನಲ್ಲಿ ಲಿವರ್ ಮಾತ್ರ ನೆಟ್ಟಗಿತ್ತು. ಅದನ್ನು ಕೇಳಿ ರಾಯವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಊರಲ್ಲಿ ಕೆಲವರು ಈಗಲೂ ನಂಬಿಲ್ಲ. ರಾಯವ್ವ ಯಾರಿಗೂ ವಿವರಿಸಲು ಹೋಗುವುದಿಲ್ಲ. ದಿನಾ ಮುಂಜಾನೆ ಹೊರಕಟ್ಟೆಯ ಮೇಲೆ, ಹೋಗಿ ಬರುವವರೆಲ್ಲ ನೋಡುತ್ತಿರುವಾಗಲೇ, ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ.