ಉಪ್ಪಿನ ಜಾಡಿಗೆ ಒರಗಿದ ಪೊಲೀಸು

ನನ್ನ ಫೋನಿಗೆ ಬೀಗವಿಲ್ಲ. ಇದನ್ನು ಹೇಳಿದರೆ ಜನ ನನ್ನನ್ನು ಸೀರೆ ಇಲ್ಲದೆ ಬೀದಿಗೆ ಬಂದವಳಂತೆ ನೋಡುತ್ತಾರೆ. ಫೋನು ಮಾರಿದ ಪಿರಿಯಾಪಟ್ಟಣದ ಅಂಗಡಿಯವನು ಬೀಗ ಹಾಕಿಕೊಡಲು ಪ್ರಯತ್ನ ಪಡದೇ ಇರಲಿಲ್ಲ. ಹೆಬ್ಬೆಟ್ಟು ಒತ್ತಿ ಎಂದ. ಹೊಗೆಸೊಪ್ಪಿನ ಅಂಟು ಹತ್ತಿ ಹತ್ತಿ ನನ್ನ ಹೆಬ್ಬೆಟ್ಟು ಹಳೇ ಚಪ್ಪಲಿಯ ಅಟ್ಟೆಯ ಹಾಗಾಗಿದೆ. ಫೋನು ಅದನ್ನು ಬೆರಳೆಂದೇ ಒಪ್ಪಲಿಲ್ಲ. ಹಾಗಾದರೆ ಮುಖ ತೋರಿಸಿ ಎಂದ. ತೋರಿಸಿದೆ. ಬೆಳಕಿಗೆ ಬನ್ನಿ ಎಂದ, ಬಂದೆ. ಇನ್ನೂ ಹತ್ತಿರ, ಸ್ವಲ್ಪ ಎಡಕ್ಕೆ, ಈಗ ಕಣ್ಣು ಮಿಟುಕಿಸಿ ಎಂದ. ಕಟ್ಟಿಕೊಂಡವರೂ ಅಷ್ಟು ಹೊತ್ತು ನನ್ನ ಮುಖ ನೋಡಿದವರಲ್ಲ. ನಡುಬೀದಿಯ ಅಂಗಡಿಯಲ್ಲಿ ನಿಂತು ಕಣ್ಣು ಹೊಡೆಯುವ ವಯಸ್ಸು ಇದಲ್ಲ ಎಂದು ಹೇಳಿ, ಬೀಗವಿಲ್ಲದ ಫೋನನ್ನೇ ಸೆರಗಿಗೆ ಕಟ್ಟಿಕೊಂಡು ಬಂದೆ.

ಹಾಗೆಂದು ನನಗೆ ಲೋಕದ ಸುದ್ದಿ ಗೊತ್ತಿಲ್ಲವೆಂದಲ್ಲ. ಸಂಜೆ ಟಿವಿ ನೋಡುತ್ತೇನೆ. ಅಕ್ಷರ ಕೂಡಿಸಿಕೊಂಡು ಪೇಪರನ್ನೂ ಓದುತ್ತೇನೆ, ದಪ್ಪಕ್ಷರದ್ದು ಮಾತ್ರ. ಸಣ್ಣಕ್ಷರದಲ್ಲಿ ಏನಿರುತ್ತದೋ ಕಾಣೆ. ದಪ್ಪಕ್ಷರದಲ್ಲಿ ಹೇಳಿದ್ದು ಅಷ್ಟೇನೂ ನಿಜವಲ್ಲ ಎಂದು ಇರಬಹುದು. ಮೊನ್ನೆ ದಪ್ಪಕ್ಷರದಲ್ಲಿ, ಕೋಟ್ಯಂತರ ಜನರ ವಿವರ ಕಳುವಾಗಿದೆ ಎಂದಿತ್ತು. ಅದರಲ್ಲಿ ನನ್ನದೂ ಇರಬಹುದಂತೆ. ಯಾರೋ ದುಡ್ಡು ಕೊಟ್ಟು ಕೊಂಡುಕೊಳ್ಳುತ್ತಾರಂತೆ. ಪಾಪ, ಗಂಟು ಬಿಚ್ಚಿ ನೋಡಿದವನಿಗೆ ಸಿಗುವುದೇನು? ಸೊಂಟನೋವು, ಎರಡು ಮೇಕೆ, ಆಚೆ ಹೊಲದವನ ಜೊತೆ ಒಂದು ಬದುವಿನ ವ್ಯಾಜ್ಯ. ಆ ವ್ಯಾಜ್ಯವನ್ನೂ ಸೇರಿಸಿಕೊಂಡು ಒಯ್ಯಲಿ, ನಾನು ಬೇಡವೆನ್ನುವುದಿಲ್ಲ.

ಇನ್ನೊಂದು ದಿನ ಟಿವಿಯಲ್ಲಿ ಟೈ ಕಟ್ಟಿದ ನಾಲ್ವರು ಕೂತು, ನಮ್ಮ ಸೆಕ್ಯುರಿಟಿ ತುಂಬಾ ದುರ್ಬಲವಾಗಿದೆ ಎಂದು ಕೂಗಾಡಿದರು. ನಮ್ಮ ಕಡೆ ಸೆಕ್ಯುರಿಟಿ ಎಂದರೆ ಚೆಲುವಯ್ಯ. ಒಂದು ಚೌಲ್ಟ್ರಿಯ ಬಾಗಿಲಲ್ಲಿ ನೀಲಿ ಅಂಗಿ ತೊಟ್ಟು ಸ್ಟೂಲಿನ ಮೇಲೆ ಕೂರುತ್ತಾನೆ. ಕಾಮಾಲೆಯಿಂದ ಎದ್ದ ಮೇಲೆ ಅವನು ದುರ್ಬಲನಾಗಿರುವುದು ದಿಟ. ಆದರೆ ಅದನ್ನು ಅಷ್ಟು ದೂರದ ಜನ ಅಷ್ಟು ಜೋರಾಗಿ ಯಾಕೆ ಮಾತಾಡಬೇಕು, ಬಂದು ಒಂದು ಲೋಟ ಹಾಲು ಕೊಟ್ಟರೆ ಆಗದೇ ಎಂದು ನಾನು ಬಹಳ ಹೊತ್ತು ಯೋಚಿಸಿದೆ.

ಈಗ ಯಂತ್ರಕ್ಕೂ ಬುದ್ಧಿ ಬಂದಿದೆಯಂತೆ. ಯಾರ ಧ್ವನಿಯನ್ನು ಬೇಕಾದರೂ ಕದ್ದು ಮಾತಾಡುತ್ತದಂತೆ. "ಅವ್ವಾ, ಕಷ್ಟದಲ್ಲಿವ್ನಿ, ದುಡ್ ಕಳ್ಸು" ಎಂದು ಮಗನ ಧ್ವನಿಯಲ್ಲೇ ಕೇಳುತ್ತದಂತೆ. ನನಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ನನ್ನ ಮಗ ಹುಣಸೂರಿನಲ್ಲಿ ಟೈರ್ ಅಂಗಡಿ ಇಟ್ಟಾಗಿನಿಂದ ಅವನದೇ ಧ್ವನಿಯಲ್ಲಿ ಇದೇ ಮಾತು ಹೇಳುತ್ತಿದ್ದಾನೆ. ನಿಜವಾದ ಮಗ ಕೇಳಿದಾಗಲೇ ಕಳಿಸದವಳು ಯಂತ್ರಕ್ಕೆ ಕಳಿಸುತ್ತೇನೆಯೇ?

ಜನರನ್ನು ಎಚ್ಚರಿಸಲು ಒಂದು ಏರ್ಪಾಟೂ ಬಂದಿತ್ತು. ಯಾರಿಗೆ ಫೋನು ಮಾಡಿದರೂ ಮೊದಲು ಒಬ್ಬ ಹೆಂಗಸು ಬಂದು, ಗೊತ್ತಿಲ್ಲದವರ ಮಾತು ನಂಬಬೇಡಿ ಎಂದು ಹೇಳುತ್ತಿದ್ದಳು. ನಮ್ಮ ಪಕ್ಕದ ಮನೆ ತಾಯಮ್ಮ ಆ ಬುದ್ಧಿಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಹೇಳುತ್ತಿರುವವಳೇ ಗೊತ್ತಿಲ್ಲದವಳಲ್ಲವೇ? ಹಾಗಾಗಿ ಆ ಧ್ವನಿ ಶುರುವಾದ ಕೂಡಲೇ ಫೋನು ಕತ್ತರಿಸುತ್ತಿದ್ದಳು. ತಾಯಮ್ಮನ ಮನೆಯಿಂದ ಆ ಕಾಲದಲ್ಲಿ ಒಬ್ಬರಿಗೂ ಫೋನು ಹೋಗಲಿಲ್ಲ. ತಾನಾಗಿ ಬಂದದ್ದನ್ನು ಮಾತ್ರ ಎತ್ತುತ್ತಿದ್ದಳು. ಹಾಗೆ ಒಂದು ದಿನ ತಾನಾಗಿ ಬಂದವನು ಪೊಲೀಸು.

ಸೊಪ್ಪು ಮುರಿಯುವ ಕಾಲ ಅದು. ಬೆಟ್ಟದಪುರದ ಸುತ್ತಿನ ನಮ್ಮ ಊರುಗಳಲ್ಲಿ ಬೆಳಿಗ್ಗೆ ಮುರಿದ ಹೊಗೆಸೊಪ್ಪನ್ನು ಅವತ್ತೇ ಕಡ್ಡಿಗೆ ಕಟ್ಟಿ, ಸೌದೆ ಉರಿಸಿ ಬೇಯಿಸುವ ಮನೆಗೆ ಏರಿಸಬೇಕು, ಇಲ್ಲದಿದ್ದರೆ ರಾಶಿಯಲ್ಲೇ ಕಾವು ಹಿಡಿದು ಕೆಡುತ್ತದೆ. ತಾಯಮ್ಮನ ಜಗಲಿಯಲ್ಲಿ ರಾಶಿ ಬಿದ್ದಿದೆ, ನಾನೂ ಎದುರುಮನೆ ಕಾಳಮ್ಮನೂ ಕಟ್ಟಲು ಬಂದು ಕೂತಿದ್ದೇವೆ, ಮನೆಯವಳೇ ಪತ್ತೆಯಿಲ್ಲ. ಬೈದುಕೊಂಡು ಒಳಗೆ ಹೋದೆ. ಅಡಿಗೆಮನೆಯಲ್ಲಿ ಫೋನನ್ನು ಉಪ್ಪಿನ ಜಾಡಿಗೆ ಒರಗಿಸಿ, ಅದರ ಮುಂದೆ ಕೈಕಟ್ಟಿಕೊಂಡು, ಫೋಟೋ ತೆಗೆಸಿಕೊಳ್ಳುವವಳಂತೆ ಕೂತಿದ್ದಳು.

"ಸೊಪ್ಪು ಬಾಡ್ತಾ ಬಿದ್ದದೆ, ಇಲ್ಲೇನಮ್ಮಿ ಗೂಬೆ ಕೂತಂಗ್ ಕೂತಿದ್ದೀಯ?" ಎಂದೆ.

"ಮೆತ್ಗೆ ಮಾತಾಡಕ್ಕಯ್ಯ. ನಾನು ಅರೆಸ್ಟ್ ಆಗಿವ್ನಿ ಕಣಕ್ಕಯ್ಯ. ಎದ್ದೇಳಂಗಿಲ್ಲ" ಎಂದಳು, ತುಟಿ ಅಲ್ಲಾಡಿಸದೆ.

ಫೋನಿನೊಳಗೆ ಖಾಕಿ ತೊಟ್ಟ ಒಬ್ಬ ಕೂತಿದ್ದ. ಹಿಂದೆ ಬಾವುಟ, ಮುಂದೆ ಫೈಲು. "ತಾವು ಕದಲಕೂಡದು. ತಾವು ಡಿಜಿಟಲ್ ಬಂಧನದಲ್ಲಿದ್ದೀರಿ" ಎಂದ. ಅಷ್ಟು ಚಂದದ ಕನ್ನಡವನ್ನು ನಾನು ಸ್ವಾತಂತ್ರ್ಯ ದಿನದ ಭಾಷಣ ಬಿಟ್ಟರೆ ಬೇರೆಲ್ಲೂ ಕೇಳಿಲ್ಲ.

ಆಪಾದನೆ ಏನೆಂದರೆ, ತಾಯಮ್ಮನ ಹೆಸರಿನ ಪಾರ್ಸಲಿನಲ್ಲಿ ನಿಷೇಧಿತ ಎಲೆ ಸಿಕ್ಕಿದೆ ಎಂಬುದು. ಪಟ್ಟಣದ ಹೆಂಗಸಾಗಿದ್ದರೆ ಯಾವ ಎಲೆ, ಯಾವ ಪಾರ್ಸಲ್ಲು ಎಂದು ಕೇಳುತ್ತಿದ್ದಳು. ನಮ್ಮ ಕಡೆ ಎಲೆ ಎಂದರೆ ಒಂದೇ. ಹೊಗೆಸೊಪ್ಪು ಬೆಳೆಯಲು ಲೈಸೆನ್ಸ್ ಬೇಕು. ಲೈಸೆನ್ಸಿನಲ್ಲಿ ಬರೆದದ್ದಕ್ಕಿಂತ ಒಂದಿಷ್ಟು ಹೆಚ್ಚಿಗೆ ಹಾಕದವರು ಯಾರೂ ಇಲ್ಲ. ತಾಯಮ್ಮ ಕೈಮುಗಿದು, "ಅರ್ದ ಎಕ್ರೆ ಅಷ್ಟೇ ಸಾಮಿ, ಕೆರೆ ಪಕ್ಕದ್ದು" ಎಂದು ತಾನೇ ಒಪ್ಪಿಕೊಂಡುಬಿಟ್ಟಿದ್ದಳು. ಬೀಸಿದ ಬಲೆಗೆ ಮೀನು ತಾನೇ ಹಾರಿ ಬಂದು ಕೂತದ್ದು ಕಂಡು ಅವನಿಗೇ ಗಾಬರಿಯಾಗಿರಬೇಕು.

ಅವನಿಗೆ ಬೇಕಾಗಿದ್ದದ್ದು ತಾಯಮ್ಮನ ಬ್ಯಾಂಕಿನ ದುಡ್ಡು. ಹೇಳಿಕೆ ಬರೆಸಿ ಮುಗಿದ ಮೇಲೆ, ಫೋನು ಹಿಡಿದುಕೊಂಡೇ ಬ್ಯಾಂಕಿಗೆ ನಡೆದು, ಇರುವುದೆಲ್ಲವನ್ನೂ ತನಿಖೆಗೆಂದು ಅವನು ಹೇಳಿದ ಕಡೆ ಕಟ್ಟಬೇಕಂತೆ. ಆ ದುಡ್ಡು ತಾಯಮ್ಮನ ಬಲಮಂಡಿಯದು. ಮಂಡಿ ಸವೆದು ಅವಳಿಗೆ ಕುಕ್ಕರಗಾಲಲ್ಲಿ ಕೂರಲು, ಕೂತರೆ ಏಳಲು ಆಗುತ್ತಿರಲಿಲ್ಲ. ಮೈಸೂರಲ್ಲಿ ಆಪರೇಶನ್ ಮಾಡಿಸಲೆಂದು ಎರಡು ಬೆಳೆಯ ಸೊಪ್ಪಿನ ದುಡ್ಡನ್ನು ಮುಟ್ಟದೆ ಇಟ್ಟಿದ್ದಳು. "ಕೊಟ್ಬುಡ್ತೀನಿ ಕಣಕ್ಕಯ್ಯ. ಮಂಡಿ ಓದ್ರೆ ಓಗ್ಲಿ, ಮಾನ ಉಳೀಲಿ" ಎಂದಳು. ನನಗೆ ಆಗಲೇ ಅನುಮಾನ ಬಂದಿತ್ತೆಂದು ಈಗ ಹೇಳಿಕೊಂಡರೆ ಸುಳ್ಳಾದೀತು. ಲೈಸೆನ್ಸಿಲ್ಲದ ಸೊಪ್ಪು ನನ್ನದೂ ಕಾಲು ಎಕರೆ ಹಿತ್ತಲಾಚೆ ನಿಂತಿತ್ತು. ನಾನು ಸದ್ದಿಲ್ಲದೆ ಅವಳ ಪಕ್ಕ ಕೂತೆ.

"ಹೇಳಿಕೆ ಆರಂಭಿಸೋಣ. ತಮ್ಮ ಹೆಸರು?" ಹೇಳಿದಳು. "ಊರು?" ಹೇಳಿದಳು. "ಪತಿಯ ಹೆಸರು?"

ತಾಯಮ್ಮ ಬಾಯಿ ಮುಚ್ಚಿಕೊಂಡಳು.

ನಮ್ಮ ಕಾಲದವರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದಂತೆ. ನಮ್ಮವರ ಹೆಸರನ್ನು ನಾನು ಒಮ್ಮೆಯೂ ಹೇಳಲಿಲ್ಲ, ಆದರೂ ಹೋದರು, ಅದು ಬೇರೆ ಮಾತು. ರೇಷನ್ ಕಾರ್ಡಿಗಾಗಲಿ ಓಟಿಗಾಗಲಿ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತವರು ಹೇಳಿಕೊಡುವುದು ವಾಡಿಕೆ. ತಾಯಮ್ಮ ನನ್ನ ಕಡೆ ನೋಡಿದಳು. ನನ್ನಿಂದಾಗದು ಎಂದು ನಾನು ತಲೆಯಾಡಿಸಿದೆ. ಬೆಟ್ಟದ ಮೇಲಿನ ಸ್ವಾಮಿಯ ಹೆಸರನ್ನೇ ಕೆಳಗಿನ ಊರುಗಳ ಗಂಡಸರಿಗೆಲ್ಲ ಇಟ್ಟುಬಿಟ್ಟಿದ್ದಾರೆ. ಅವಳ ಗಂಡನದೂ ಅದೇ, ನನ್ನ ಗಂಡನದೂ ಅದೇ. ಕಾಳಮ್ಮನನ್ನು ಕೂಗಿದೆವು. ಅವಳ ಮಾವನದೂ ಅದೇ, ಮಾವನ ಹೆಸರನ್ನೂ ಸೊಸೆ ಹೇಳುವ ಹಾಗಿಲ್ಲ. ಹೆಸರು ಹಿಡಿದೇ ಗಂಡನನ್ನು ಕರೆಯುವ ಈಗಿನ ಹೆಣ್ಣುಮಕ್ಕಳು ಒಬ್ಬರಾದರೂ ಬೀದಿಯಲ್ಲಿದ್ದರೆ ಹೇಳಿಕೆ ಮುಗಿದು, ತಾಯಮ್ಮನ ಮಂಡಿಯ ದುಡ್ಡು ಅವತ್ತೇ ಹೋಗುತ್ತಿತ್ತು. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ನಾನೂ ಇಲ್ಲಿ ಆ ಹೆಸರು ಹೇಳುವುದಿಲ್ಲ. ನಿಮಗೆ ಬೇಕಿದ್ದರೆ ಬೆಟ್ಟ ಹತ್ತಿ ಕೇಳಿಕೊಳ್ಳಿ.

"ಹೆಸರು ಮುಚ್ಚಿಡುವುದು ಇನ್ನೂ ದೊಡ್ಡ ಅಪರಾಧ!" ಎಂದು ಅವನು ಮೇಜು ಗುದ್ದಿದ.

"ಬೆಟ್ಟದ್ ಮೇಲವ್ರಲ್ಲ, ಅವ್ರು ಸಾಮಿ" ಎಂದಳು ತಾಯಮ್ಮ.

"ತಮ್ಮ ಪತಿ ಬೆಟ್ಟದ ಮೇಲೆ ತಲೆಮರೆಸಿಕೊಂಡಿದ್ದಾರೆಯೇ?"

"ಇಲ್ಲ ಸಾಮಿ, ಆರನಳ್ಳಿಗೆ ಸೌದೆ ತರಕ್ಕೋಗವ್ರೆ."

"ಹಾಗಾದರೆ ಬೆಟ್ಟದ ಮೇಲಿರುವುದು ಯಾರು?"

"ದೇವ್ರು."

ಅವನು ಬರೆದುಕೊಂಡ. "ದೇವರು ಎಂಬುದು ಪೂರ್ತಿ ಹೆಸರೇ?"

ಕಾಳಮ್ಮನಿಗೆ ತಡೆಯಲಾಗಲಿಲ್ಲ. "ಬೇಗ ಗೊತ್ತಾಗ್ಲಿ ಅಂತ ಯೋಳ್ತೀನಿ ಕಣ್ರೀ ಸಾಮಿ. ಇಬ್ರು ಎಂಡ್ರು ಅವ್ರಿಗೆ. ಒಬ್ಳು ತೊಡೆ ಮೇಲೆ, ಒಬ್ಳು ತಲೆ ಮೇಲೆ" ಎಂದಳು, ಗೌರಿಯನ್ನೂ ಗಂಗೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು.

"ಎರಡನೆಯ ಪತ್ನಿಯ ವಿಳಾಸ?" ಎಂದ ಅವನು.

"ಯಾವ್ ಎರಡ್ನೆ ಎಂಡ್ತಿ?" ಎಂದು ತಾಯಮ್ಮ ಕಾಳಮ್ಮನ ಕಡೆ ತಿರುಗಿದಳು. ಆ ಜಗಳ ಬಿಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಸೊಪ್ಪು ಕೆಡುತ್ತದೆಂದು ರಾಶಿಯನ್ನೇ ಅಡಿಗೆಮನೆಗೆ ತಂದು, ಅವನ ಕಣ್ಣೆದುರೇ ಕಟ್ಟಲು ಕೂತೆವು. "ಅದೇನು ಎಲೆ?" ಎಂದು ಕೇಳಿದ. ಆಗ ನಮಗೆ ಹೊಳೆಯಿತು, ಸಾಕ್ಷಿಯನ್ನು ನಾವೇ ಪೊಲೀಸಿನ ಮುಂದೆ ಹರಡಿದ್ದೇವೆ ಎಂದು. "ದಂಟಿನ್ ಸೊಪ್ಪು ಸಾಮಿ, ಸಾರಿಗೆ" ಎಂದೆ. ಇಷ್ಟೊಂದು ಸಾರನ್ನು ಯಾರು ಉಣ್ಣುತ್ತಾರೆಂದು ಅವನು ಕೇಳಲಿಲ್ಲ.

ಅಷ್ಟರಲ್ಲಿ ತಾಯಮ್ಮನ ಗಂಡ ಸೌದೆ ಇಳಿಸಿ ಒಳಗೆ ಬಂದ. ನಮಗೆಲ್ಲ ಉಸಿರು ಬಂತು. "ತಕ್ಕಳಿ ಸಾಮಿ, ಬಂದ್ರು. ಅವ್ರುನ್ನೇ ಕೇಳಿ" ಎಂದು ತಾಯಮ್ಮ ಫೋನನ್ನು ಅವನ ಕಡೆ ತಿರುಗಿಸಿದಳು. ಅವನು ಖಾಕಿ ನೋಡಿದ. ನೆಲದ ಮೇಲಿದ್ದ ಸೊಪ್ಪು ನೋಡಿದ. ಕೆರೆ ಪಕ್ಕದ ಅರ್ಧ ಎಕರೆ ಅವನ ಕಣ್ಣಿಗೆ ಕಟ್ಟಿರಬೇಕು.

"ತಾವು ಆರೋಪಿಯ ಪತಿಯೇ?"

"ನಾನಾ? ಇಲ್ಲ ಸಾಮಿ. ನಾನು ಪಕ್ಕದ್ಮನೆಯೋನು. ಬೆಂಕಿಪೊಟ್ಣ ಕೇಳಕ್ ಬಂದೆ."

"ಈಕೆಯ ಪತಿ ಎಲ್ಲಿ?"

"ಆಯಮ್ಮನ್ ಗಂಡನ್ನ ನಾನು ನೋಡೇ ಇಲ್ಲ ಸಾಮಿ."

ಎರಡು ವರ್ಷದಿಂದ ಯಾರದಾದರೂ ಭುಜ ಹಿಡಿಯದೆ ಮೇಲೇಳದ ತಾಯಮ್ಮ, ಡಿಜಿಟಲ್ ಬಂಧನವನ್ನು ಮುರಿದು, ಒಂದೇ ಏಟಿಗೆ ಎದ್ದು ನಿಂತಳು.

"ನೋಡೇ ಇಲ್ವಾ? ನಲ್ವತ್ತೊರ್ಸ ನನ್ನ ಕೈನ ಮುದ್ದೆ ಉಂಡೋರು ಯಾರು, ಬೆಂಕಿಪೊಟ್ಣ ಕೇಳಕ್ ಬಂದೋರಾ? ನಿಲ್ರೀ ಅಲ್ಲೇ!"

ಸೊಪ್ಪಿನ ಕಡ್ಡಿ ಹಿಡಿದು ಅವಳು ಹೊರಟಳು. ಗಂಡ ಅಂಗಳಕ್ಕೆ ಓಡಿದ. ಅವಳೂ ಕುಂಟಿಕೊಂಡು ಹಿಂದೆಯೇ ಹೋದಳು. ಕಾಳಮ್ಮ ಚೆನ್ನಾಗಿ ಕಾಣಲೆಂದು ಬಾಗಿಲಿಗೆ ಹೋದಳು. ಫೋನಿನಲ್ಲಿ ಪೊಲೀಸು ಖಾಲಿ ಗೋಡೆಗೆ, "ಕದಲಕೂಡದು! ಕದಲಕೂಡದು!" ಎನ್ನುತ್ತಿದ್ದ. ಅಂಗಳದಲ್ಲಿ ಬಿಂದಿಗೆ ಉರುಳಿದ ಸದ್ದಾಯಿತು. ಆಮೇಲೆ ಅವನ ದನಿಯೇ ಬದಲಾಯಿತು. ಫೋನಿಗೆ ಮುಖ ಹತ್ತಿರ ತಂದು ಕೇಳಿದ:

"ಅಜ್ಜಿ, ಆವಯ್ಯ ದಿಟ್ವಾಗೂ ಪಕ್ಕದ್ಮನೆಯೋನಾ? ಇಲ್ಲ ಗಂಡನೇಯಾ?"

ನಾನು ಕಡ್ಡಿ ಕೆಳಗಿಟ್ಟೆ. ಆ ಕನ್ನಡ ನನ್ನ ಮನೆಯ ಕನ್ನಡ. ಇಷ್ಟು ಹೊತ್ತು ಭಾಷಣ ಓದುತ್ತಿದ್ದ ಹುಡುಗ ನಮ್ಮ ಬೆಟ್ಟದ ಸ್ವಾಮಿಯನ್ನು ಕಾಣದವನಿರಬಹುದು, ಆದರೆ ಕೆ.ಆರ್. ನಗರದಿಂದಲೋ ಎಚ್.ಡಿ. ಕೋಟೆಯಿಂದಲೋ ಆಚೆಯವನಲ್ಲ.

"ಯಾವೂರ್ಲಾ ನಿಂದು? ಯಾರ ಮಗನ್ಲಾ ನೀನು?" ಎಂದೆ.

ಫೋನು ಕಪ್ಪಾಯಿತು.

ನಮ್ಮ ಕಡೆ ಗುರುತಿಲ್ಲದವರು ಬಾಗಿಲಿಗೆ ಬಂದರೆ ಮೊದಲು ಕೇಳುವ ಮಾತೇ ಅದು. ಬಳೆ ಮಾರುವವನನ್ನೂ ಕೇಳುತ್ತೇವೆ, ಎಲೆಕ್ಷನ್ನಿಗೆ ನಿಂತವನನ್ನೂ ಕೇಳುತ್ತೇವೆ. ಅವತ್ತು ಖಾಕಿ ಕಂಡ ಗಾಬರಿಯಲ್ಲಿ ಮೂವರು ಮುದುಕಿಯರೂ ಮರೆತಿದ್ದೆವು. ಟಿವಿಯಲ್ಲಿ ತಜ್ಞರು ಏನೇನೋ ಉಪಾಯ ಹೇಳುತ್ತಾರೆ. ಎದುರಿಗಿರುವವನ ಅಪ್ಪ ಯಾರೆಂದು ಕೇಳಿ ಎಂದು ಇದುವರೆಗೆ ಒಬ್ಬರೂ ಹೇಳಿಲ್ಲ.

ತಾಯಮ್ಮನಿಗೆ ಅದು ಮೋಸವೆಂದು ಮನದಟ್ಟು ಮಾಡಲು ಮಾತ್ರ ನನ್ನಿಂದ ಆಗಲಿಲ್ಲ. ತಾನು ಜೈಲು ಮುರಿದು ಬಂದವಳೆಂದೇ ನಂಬಿದ್ದಾಳೆ. ಸೊಪ್ಪಿನ ಕಾಲ ಮುಗಿಯುವ ತನಕ ಊರಿಗೆ ಯಾವ ಜೀಪು ಬಂದರೂ ಹಿತ್ತಲಿಗೆ ಹೋಗಿ ಕೂರುತ್ತಿದ್ದಳು. ಆಮೇಲೆ ಮೈಸೂರಿಗೆ ಹೋಗಿ ಮಂಡಿ ಆಪರೇಶನ್ ಮಾಡಿಸಿಕೊಂಡಳು. ಜೊತೆಗೆ ನಾನು ಹೋಗಿದ್ದೆ. ಆಸ್ಪತ್ರೆಯ ಕಿಟಕಿಯಲ್ಲಿದ್ದ ಹುಡುಗಿ ಗಂಡನ ಹೆಸರು ಕೇಳಿದಳು. ತಾಯಮ್ಮ ನನ್ನ ಮುಖ ನೋಡಲಿಲ್ಲ, ನಾಚಲೂ ಇಲ್ಲ. "ಪಕ್ಕದ್ಮನೆಯೋರು ಅಂತ ಬರ್ಕೊ ಮಗ" ಎಂದಳು.

ನಲವತ್ತು ವರ್ಷ ಗಂಡನನ್ನು ಕೂಗಲು ಹೆಸರಿಲ್ಲದೆ, "ಏನ್ರೀ", "ಕೇಳುಸ್ತಾ" ಎಂದು ಗೋಡೆಗೆ ಮಾತಾಡಿದವಳು ಈಗ ಮಂಚದ ಮೇಲೆ ಕಾಲು ಚಾಚಿಕೊಂಡು, "ಪಕ್ಕದ್ಮನೆಯೋರೇ, ಬಿಸ್ನೀರ್ ತನ್ನಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಅವನು ತಂದುಕೊಡುತ್ತಾನೆ. ಒಂದೊಂದು ಸಲ ನಾನೇ ಓ ಎಂದುಬಿಡುತ್ತೇನೆ; ಯಾಕೆಂದರೆ ನಿಜವಾಗಿ ಪಕ್ಕದ ಮನೆಯವಳು ನಾನು.

ಪಾಸ್‌ವರ್ಡಿಗೆ ಮನೆಯವರ ಹೆಸರು ಇಡಬೇಡಿ, ಇಟ್ಟದ್ದನ್ನು ಆಗಾಗ ಬದಲಾಯಿಸಿ ಎಂದು ನಿನ್ನೆ ಟಿವಿಯಲ್ಲಿ ಒಬ್ಬಳು ಹೇಳುತ್ತಿದ್ದಳು. ತಾಯಮ್ಮ ಎರಡನ್ನೂ ಮಾಡಿ ಕೂತಿದ್ದಾಳೆ.