ಎಡಗಡೆ ಸೀಟಿನ ಬ್ರೇಕು

ತಿ. ನರಸೀಪುರದ ಡ್ರೈವಿಂಗ್ ಸ್ಕೂಲ್ ಬೆಟ್ಟಯ್ಯನಿಗೆ ಸಿಟ್ಟು ಬಂದರೆ, ಸಂಗಮದವರೆಗೆ ಬಂದ ಕಪಿಲೆ ಕಾವೇರಿಯನ್ನು ಸೇರದೆ ಹಿಂದಕ್ಕೆ ತಿರುಗಿ ನಂಜನಗೂಡಿಗೇ ಹೋಗಿ ಕೂರುತ್ತಾಳೆ. ಇದು ಸ್ವಲ್ಪ ಹೆಚ್ಚಾಯಿತು ಎಂದು ನಿಮಗೆ ಅನ್ನಿಸಬಹುದು. ಅವನ ಹತ್ತಿರ ಕಾರು ಕಲಿತವರನ್ನು ಕೇಳಿ, ಕಮ್ಮಿಯಾಯಿತು ಎನ್ನುತ್ತಾರೆ.

ಬೆಟ್ಟಯ್ಯ ಹುಟ್ಟಿದ್ದು ಮೂಗೂರಿನಲ್ಲಿ. ಅಪ್ಪ ಗದ್ದೆ ಉಳುವಾಗ ಬದುವಿನ ಮೇಲೆ ನಿಂತು, ಅಪ್ಪನಿಗಿಂತ ಮೊದಲೇ ಎತ್ತುಗಳಿಗೆ 'ಹೋ... ಹೋ' ಎಂದು ಕೂಗುತ್ತಿದ್ದನಂತೆ. ಎತ್ತುಗಳು ಯಾರ ಮಾತು ಕೇಳುವುದೆಂದು ತಿಳಿಯದೆ ಸಾಲಿನ ಮಧ್ಯದಲ್ಲೇ ಮಲಗಿಬಿಡುತ್ತಿದ್ದವು. ಕೊನೆಗೆ ಅಪ್ಪನೇ ಅವನನ್ನು ಲಾರಿಯ ಕ್ಲೀನರ್ ಕೆಲಸಕ್ಕೆ ಸೇರಿಸಿ ಎತ್ತುಗಳ ಜೀವ ಉಳಿಸಿದ. ಲಾರಿಯಿಂದ ಬಾಡಿಗೆ ಕಾರು, ಬಾಡಿಗೆ ಕಾರಿನಿಂದ ಡ್ರೈವಿಂಗ್ ಸ್ಕೂಲು. ಆವತ್ತಿನಿಂದ ಅವನ ಬದುಕೆಲ್ಲ ಎಡಗಡೆ ಸೀಟಿನಲ್ಲಿ.

ಕಲಿಸುವ ಕಾರಿನಲ್ಲಿ ಎಡಗಡೆಗೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಕಲಿಯುವವನು ಹೆದರಿ ಕೈಕಾಲು ಬಿಟ್ಟರೆ ಮೇಷ್ಟ್ರು ಒತ್ತಲಿ ಎಂದು ಇಟ್ಟಿರುವುದು. ಬೆಟ್ಟಯ್ಯ ಅದನ್ನು ಹಾಗೆ ಬಳಸಲಿಲ್ಲ. ಶಿಷ್ಯ ಹೆದರುವ ಮೊದಲೇ ಒತ್ತಿದ. ದೂರದಲ್ಲಿ ಕೋಳಿ ಕಂಡರೆ ಒತ್ತಿದ, ಕೋಳಿ ಬರಬಹುದು ಅನ್ನಿಸಿದರೆ ಒತ್ತಿದ. ಹೀಗೆ ಒತ್ತಿ ಒತ್ತಿ ಅವನ ಬಲಗಾಲು ಎಡಗಾಲಿನ ಎರಡರಷ್ಟಾಯಿತು. ಟೈಲರು ಅವನ ಪ್ಯಾಂಟಿಗೆ ಒಂದು ಕಾಲಿನ ಅಳತೆ ಬೆಟ್ಟಯ್ಯನದು, ಇನ್ನೊಂದು ಕಾಲಿನದು ಅವನ ಹೆಂಡತಿಯ ತಮ್ಮನದು ತೆಗೆದುಕೊಳ್ಳುತ್ತಾನೆ. ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತಾನೆ. ನಿದ್ದೆಯಲ್ಲೂ ಒತ್ತುತ್ತಾನೆಂದು ಹೆಂಡತಿ ಚಾಮುಂಡಮ್ಮ ಮಂಚದ ಕಾಲ್ಬದಿಯ ಗೋಡೆಗೆ ಅಕ್ಕಿಯ ಮೂಟೆ ಆನಿಸಿದ್ದಾಳೆ. ಬೆಳಗಾಗುವಷ್ಟರಲ್ಲಿ ಅಕ್ಕಿ ಹಿಟ್ಟಾಗಿರುತ್ತದೆ.

ಇಂಥ ಮನುಷ್ಯನ ಮಗಳು ವಾಣಿಗೆ ಕೊರಿಯಾದ ಹೊಸ ಕಾರು ಬೇಕೆನ್ನಿಸಿತು.

ವಾಣಿ ನಂಜನಗೂಡಿನ ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆಗಳ ಗುಣ ಪರೀಕ್ಷೆ ಮಾಡುವವಳು. ದಿನಾ ಬಸ್ಸಿಗೆ ಕಾದು, ನಿಂತು, ಜೋತು ಸಾಕಾಗಿತ್ತು. ತನ್ನ ಸಂಬಳದಲ್ಲಿ ತಾನೇ ಕಾರು ಕೊಳ್ಳುತ್ತೇನೆ ಎಂದಳು. ಅದಕ್ಕೇನೂ ತಕರಾರಿರಲಿಲ್ಲ. ಆದರೆ ಅವಳು ಆರಿಸಿದ್ದು ಟರ್ಬೊ ಇಂಜಿನ್ನಿನ, ಹಿಂದೆ ಎರಡು ಹೊಗೆ ಕೊಳವೆಯ, ಚಕ್ರದೊಳಗೆ ಬ್ರೇಕಿಗೂ ಕೆಂಪು ಬಣ್ಣ ಬಳಿದ ಪುಟ್ಟ ಕಾರು. ನಿಂತಿದ್ದರೂ ಯಾರ ಮೇಲೋ ಜಗಳಕ್ಕೆ ಹೊರಟಂತೆ ಕಾಣುತ್ತಿತ್ತು. ಆ ಮಟ್ಟಿಗೆ ಮನೆಯ ಯಜಮಾನನಿಗೆ ಹೊಂದುವಂತೆಯೇ ಇತ್ತು.

ಸುದ್ದಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಮುಟ್ಟಿತು. ಅಲ್ಲಿ ಕೂರುವವರೆಲ್ಲ ಬೆಟ್ಟಯ್ಯನ ಶಿಷ್ಯರೇ, ಕಾರಿನ ಹುಚ್ಚರೇ. ಈ ದೇಶದಲ್ಲಿ ಕಾರು ಓಡಿಸಲು ಲೈಸೆನ್ಸ್ ಬೇಕು. ಕಾರಿನ ಬಗ್ಗೆ ಅಭಿಪ್ರಾಯ ಓಡಿಸಲು ಬೇಡ. ಬೇಕಾಗಿದ್ದರೆ ಆ ಅಂಗಡಿಯನ್ನು ಎಂದೋ ಮುಚ್ಚಿಸುತ್ತಿದ್ದರು. ಆ ಕಾರನ್ನು ಇವರಲ್ಲಿ ಒಬ್ಬನೂ ಮುಟ್ಟಿರಲಿಲ್ಲ. ಫೋನಿನಲ್ಲಿ ನೋಡಿದ್ದರು, ಅಷ್ಟೇ. ಆದರೂ ಸಸ್ಪೆನ್ಷನ್ ಗಟ್ಟಿ ಎಂದು ಒಬ್ಬ ಸೊಂಟ ಹಿಡಿದುಕೊಂಡು ನರಳಿದ. ಸ್ಟೇರಿಂಗ್ ಭಾರ ಎಂದು ಇನ್ನೊಬ್ಬ ತೋಳು ನೀವಿಕೊಂಡ.

ಇವರ ಗುರು ಮದನ್. ನಂಜನಗೂಡಿನ ಸಿಮೆಂಟ್ ವ್ಯಾಪಾರಿಯ ಮಗ. ಹೊಸ ಕಾರುಗಳ ಬಗ್ಗೆ ವಿಡಿಯೊ ಮಾಡಿ ಹಾಕುವವನು. ಓಡಾಡುವುದು ಮಾತ್ರ ಅವರಮ್ಮನ ಸ್ಕೂಟರಿನಲ್ಲಿ. ಅವತ್ತು ಅಲ್ಲೇ ಇದ್ದ.

"ಸಾರ್, ಎಂಥ ಕಾರು ಸಾರ್ ಅದು! ಒಂದೇ ಲೀಟರ್ ಇಂಜಿನ್, ಆದ್ರೆ ಟರ್ಬೊ. ಸೊನ್ನೆಯಿಂದ ನೂರಕ್ಕೆ ಹತ್ತು ಸೆಕೆಂಡಲ್ಲಿ ಹೋಗುತ್ತೆ," ಎಂದ.

"ಒಂದ್ ಲೀಟ್ರಾ?" ಎಂದ ಬೆಟ್ಟಯ್ಯ. "ನಮ್ಮನೆ ಅಸ ಒಂದೊತ್ತಿಗೆ ಎಂಟ್ ಲೀಟ್ರು ಕೊಡ್ತದೆ ಕಣ್ಲಾ. ಅದುನ್ನೇ ಅತ್ಕೊಂಡು ಓಗ್ಲಿ ಬುಡು."

"ಕಮ್ಮಿ ಸ್ಪೀಡಲ್ಲಿ ಸ್ವಲ್ಪ ಸೋಮಾರಿ ಸಾರ್, ಟರ್ಬೊ ಎದ್ದೇಳೋವರೆಗೆ. ಎದ್ಮೇಲೆ ಬೆನ್ನಿಗೆ ಒದ್ದಂಗೆ ಎಳೆಯುತ್ತೆ. ಅದ್ಕೇ ಹೇಳ್ತೀನಿ, ವಾಣಿ ಅಕ್ಕಂಗೆ ಇದು ಬೇಡ. ಹೆಣ್ಮಕ್ಕಳಿಗೆ ಸಾದಾ ಆಟೋಮ್ಯಾಟಿಕ್ ಸಾಕು. ಬಿಳಿ ಬಣ್ಣ ತಗೊಳ್ಳಿ, ಮಾರೋವಾಗ ಒಳ್ಳೇ ರೇಟು."

ಬೆಟ್ಟಯ್ಯನಿಗೆ ಕಾರಿನ ಮೇಲೂ ಸಿಟ್ಟಿತ್ತು. ಈಗ ಮದನನ ಮೇಲೂ ಬಂತು. ಟೀ ಲೋಟವನ್ನು ಕುಕ್ಕಿದ ರಭಸಕ್ಕೆ ಟೀ ಮೇಲೆದ್ದು, ತಟ್ಟೆಗೆ ಅಂಟಿಕೊಂಡಿದ್ದ ಬೋಂಡಾವನ್ನೂ ಎಬ್ಬಿಸಿತು.

"ಸೊನ್ನೆಯಿಂದ ನೂರ್ಕೆ ಎಷ್ಟ್ ಸೆಕೆಂಡು ಅಂತ ಎಲ್ರೂ ಬೊಗುಳ್ತೀರಲ್ಲ, ನೂರ್ರಿಂದ ಸೊನ್ನೆಗೆ ಎಷ್ಟು ಅಂತ ಒಬ್ರಾದ್ರೂ ಯೋಳ್ರುಲಾ! ಓಡೋದು ಗೊತ್ತು ನಿಮ್ಗೆ. ನಿಲ್ಲೋದು ಯಾವಾನ್ಗಾದ್ರೂ ಗೊತ್ತಾ?"

ನಿಲ್ಲುವುದನ್ನು ಅಲ್ಲಿ ಯಾರೂ ಕಲಿತೇ ಇರಲಿಲ್ಲ.

ಮನೆಗೆ ಬಂದವನೇ ಮಗಳ ಮೇಲೆ ಹರಿಹಾಯ್ದ. "ಆ ಕಾರ್ ಬ್ಯಾಡ. ಅದು ಒದೀತದಂತೆ!"

"ಒದೆಯೋದು ನಿಮ್ಗೇನು ಹೊಸದಲ್ಲ," ಎಂದಳು ಅಡುಗೆಮನೆಯಿಂದ ಚಾಮುಂಡಮ್ಮ. "ಅಕ್ಕಿ ಮೂಟೆ ಕೇಳಿ."

"ನೀ ಸುಮ್ಕಿರು! ಲೇ ವಾಣಿ, ನಿಂಗೆ ನಾನೇ ಕಲ್ಸಿದ್ದು. ನಿಂಗೆಷ್ಟು ಬತ್ತದೆ ಅಂತ ನಂಗೆ ಗೊತ್ತು."

ವಾಣಿಯೂ ಅಪ್ಪನ ಮಗಳೇ. ಮೆಲ್ಲಗೆ ಸಿಟ್ಟಾಗುತ್ತಾಳೆ, ಅದು ಇನ್ನೂ ಕೆಟ್ಟದ್ದು. "ಏನ್ ಕಲ್ಸಿದ್ದೀಯಪ್ಪ? ಒಂದಿನ ಆದ್ರೂ ನನ್ ಕಾಲಲ್ಲಿ ಬ್ರೇಕ್ ಒತ್ತೋಕೆ ಬಿಟ್ಟಿದ್ಯಾ? ನಾನು ಒತ್ತೋಷ್ಟರಲ್ಲಿ ನೀನೇ ಒತ್ತಿರ್ತಿದ್ದೆ. ಕಾರು ಬೇಡ ಅನ್ನು, ಒಪ್ಕೋತೀನಿ. ನಿಂಗೆ ಬರಲ್ಲ ಅಂತ ಮಾತ್ರ ಅನ್ಬೇಡ."

ವಾದ ಕೈಜಾರಿದರೆ ಬೆಟ್ಟಯ್ಯ ಷರತ್ತು ಹಾಕುತ್ತಾನೆ.

"ಆಯ್ತು. ಆ ಕಾರ್ನ ಓಡ್ಸಿ ತೋರ್ಸು. ನಾನ್ ಎಡಗಡೆ ಕೂತ್ಕತೀನಿ. ದಾರೀಲಿ ಒಂದೇ ಒಂದು ಸಲ ನನ್ ಕಾಲ್ ಬೇಕಾಯ್ತು ಅಂದ್ರೆ, ಕಾರೂ ಇಲ್ಲ ಗೀರೂ ಇಲ್ಲ."

"ಬೇಕಾಗ್ಲಿಲ್ಲ ಅಂದ್ರೆ?"

"ಅದ್ ಆಗಾಕಿಲ್ಲ ಬುಡು."

ಭಾನುವಾರ ಬೆಳಿಗ್ಗೆ ಕಾರಿನ ಶೋರೂಮಿನ ಹುಡುಗ ಕಿರಣ್ ಮೈಸೂರಿನಿಂದ ನಂಜನಗೂಡಿಗೆ ಕಾರು ತಂದ. ಕೆಂಪು ಕಾರು. ಸುದ್ದಿ ತಿಳಿದ ಮದನ್ ಫೋನು ಹಿಡಿದು ಹಾಜರಾಗಿದ್ದ. ಕರೆದವರು ಯಾರೂ ಇಲ್ಲ. ಹೊಸ ಕಾರಿನ ಬಾಗಿಲು ತೆರೆದ ಸದ್ದಿಗೆ ಸತ್ತಿದ್ದರೂ ಎದ್ದು ಬರುವ ಜಾತಿ ಅದು.

ವಾಣಿ ಸ್ಟೇರಿಂಗಿನ ಮುಂದೆ ಕೂತಳು. ಕಿರಣ್ ಎಡಗಡೆ ಬಾಗಿಲಿಗೆ ಕೈ ಹಾಕಿದ.

"ಸರ್, ರೂಲ್ಸ್ ಪ್ರಕಾರ ಮುಂದೆ ನಾನು ಕೂರ್ಬೇಕು."

"ಲೋ ಮರಿ, ಎಡಗಡೆ ಸೀಟು ನಂದು. ಈ ಕಾರ್ದಲ್ಲ, ಇಡೀ ತಾಲ್ಲೂಕಿಂದು. ಇಂದಕ್ಕೆ ಅತ್ತು."

ಕಿರಣ್ ಹಿಂದಕ್ಕೆ ಹತ್ತಿ ಮದನನ ಪಕ್ಕ ಕೂತ. ಬೆಟ್ಟಯ್ಯ ಮುಂದೆ ಕೂತವನೇ ಬಗ್ಗಿ, ಬಲಗಾಲಿನಿಂದ ಅಲ್ಲೆಲ್ಲ ತಡಕಾಡಿದ. ಕಾಲಿಗೆ ಚಾಪೆಯೊಂದೇ ಸಿಕ್ಕಿತು.

"ಏನಾದ್ರೂ ಬಿತ್ತಾ ಸರ್?" ಕಿರಣ್ ಕೇಳಿದ.

"ನನ್ ಕೆಲ್ಸ ಬಿತ್ತು ಕಣ್ಲಾ," ಎಂದ ಬೆಟ್ಟಯ್ಯ.

ಕಾರು ಹದಿನಾರು ಎಂಬ ಊರಿನ ಕಡೆಯ ರಸ್ತೆ ಹಿಡಿಯಿತು. ಎರಡೂ ಕಡೆ ಕಬ್ಬು ಆಳೆತ್ತರ. ನಮ್ಮ ಕಡೆಯ ಕಬ್ಬಿಗೆ ಆಳು ಎಂದರೆ ಆನೆಯ ಮೇಲೆ ನಿಂತ ಆಳು. ವಾಣಿ ನಿಧಾನವಾಗಿ ಓಡಿಸುತ್ತಿದ್ದಳು. ಹಿಂದಿನ ಸೀಟು ಸುಮ್ಮನಿರಲಿಲ್ಲ.

"ಸ್ನೇಹಿತರೇ, ನಾವೀಗ ಕಾರಿನ ಒಳಗಿದ್ದೀವಿ," ಎಂದು ಮದನ್ ಫೋನಿಗೆ ಹೇಳುತ್ತಿದ್ದ. "ಸೀಟಿನ ಹೊಲಿಗೆ ಕೆಂಪು, ಚೆನ್ನಾಗಿದೆ. ಆದ್ರೆ ಸಾದಾ ಕಾರಿಗೂ ಇದೇ ಇಂಜಿನ್ ಕೊಡ್ತಾರೆ. ಹಂಗಾದ್ರೆ ಇದು ನಿಜವಾದ ಸ್ಪೋರ್ಟ್ಸ್ ಕಾರಾ, ಇಲ್ಲ ಬರೀ ಸ್ಟಿಕ್ಕರಾ? ಅಕ್ಕ, ಸ್ವಲ್ಪ ಒತ್ತಿ ಅಕ್ಕ! ಟರ್ಬೊ ಏಳಬೇಕು!"

"ಒತ್ತುದ್ರೆ ನಿನ್ ಕತ್ತು ಒತ್ತುತೀನಿ," ಎಂದ ಬೆಟ್ಟಯ್ಯ ಹಿಂದಕ್ಕೆ ತಿರುಗದೆ. "ಮಲ್ಗಿರೋದುನ್ನ ಯಾಕ್ಲಾ ಏಳುಸ್ತೀಯೆ?"

ರಸ್ತೆ ನೆಟ್ಟಗಾಯಿತು. ಎದುರಿಗೆ ಯಾರೂ ಇರಲಿಲ್ಲ. ವಾಣಿ ಒತ್ತಿದಳು. ಒಂದು ಕ್ಷಣ ಏನೂ ಆಗಲಿಲ್ಲ, ಆಮೇಲೆ ಎಲ್ಲವೂ ಒಟ್ಟಿಗೆ ಆಯಿತು. ಕಾರು ಕೊಳವೆಯಲ್ಲಿ ಗುಟುರು ಹಾಕಿ ಹಾರಿತು. ಕಬ್ಬಿನ ಗದ್ದೆಗಳು ಹಿಂದಕ್ಕೆ ಓಡಿ ಮೈಸೂರು ಸೇರಿದವು. ಬೆಟ್ಟಯ್ಯನ ಹೊಟ್ಟೆ ಬೆನ್ನಿಗೆ ಬಂತು, ಬೆನ್ನು ಸೀಟಿಗೆ ಹೋಯಿತು. ಮದನ್ 'ವ್ಹಾ' ಎಂದು ಶುರುಮಾಡಿದ ಕೂಗು ಮುಗಿಯುವ ಮೊದಲೇ—

ಗದ್ದೆಯ ಬದಿಯ ಹಾದಿಯಿಂದ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೈಲರ್ ಎಳೆದುಕೊಂಡು, ಅತ್ತ ಇತ್ತ ನೋಡದೆ, ಸೀದಾ ರಸ್ತೆಗೆ ಬಂತು.

ಬೆಟ್ಟಯ್ಯ ಒತ್ತಿದ. ಬದುಕಿನಲ್ಲಿ ಒತ್ತಿದ್ದನ್ನೆಲ್ಲ ಸೇರಿಸಿ ಒಂದೇ ಸಲ ಒತ್ತಿದ. ಚಪ್ಪಲಿಯ ಉಂಗುಷ್ಠ ಕಿತ್ತುಬಂತು, ಚಾಪೆ ಮಡಚಿತು, ಭೂಮಿ ಆ ಜಾಗದಲ್ಲಿ ಒಂದಂಗುಲ ತಗ್ಗಿತು. ಕಾರು ಕಿರುಗುಟ್ಟಿ, ಟ್ರೈಲರಿನಿಂದ ಜೋತುಬಿದ್ದ ಕಬ್ಬಿನ ಗರಿ ಬಾನೆಟ್ಟನ್ನು ಸವರುವಷ್ಟು ಹತ್ತಿರದಲ್ಲಿ ನಿಂತಿತು.

"ನೋಡುದ್ಯಾ?" ಎಂದು ಗುಡುಗಿದ ಬೆಟ್ಟಯ್ಯ. "ಬೇಕಾಯ್ತೋ ಇಲ್ವೋ ನನ್ ಕಾಲು?"

ವಾಣಿಯ ಮುಖ ಬೆವೆತಿತ್ತು. ಅಪ್ಪನ ಕಾಲಿನ ಕಡೆ ಕಣ್ಣಿನಲ್ಲೇ ತೋರಿಸಿದಳು. ಬೆಟ್ಟಯ್ಯ ಬಗ್ಗಿ ನೋಡಿದ. ಕಾಲ ಕೆಳಗೆ ಮುದುರಿದ ಚಾಪೆ, ಕಿತ್ತ ಚಪ್ಪಲಿ, ಹಿಂದಿನಿಂದ ಹಾರಿ ಬಿದ್ದ ಮದನನ ಫೋನು. ಪೆಡಲ್ ಇರಲಿಲ್ಲ.

ಹಾಗಾದರೆ ನಿಲ್ಲಿಸಿದ್ದು ಯಾರು ಎಂಬ ಪ್ರಶ್ನೆ ಅವನ ಮುಖದ ಮೇಲೆ ಬಂತು, ಉತ್ತರ ಹೊಳೆಯುವ ಮೊದಲೇ ಅವನು ಬಾಗಿಲು ತೆಗೆದು ಇಳಿದ. ಒಂದೇ ಚಪ್ಪಲಿಯಲ್ಲಿ ಟ್ರ್ಯಾಕ್ಟರಿನ ಕಡೆ ನಡೆದ. ಅವನ ಸಿಟ್ಟಿಗೆ ಗದ್ದೆಯ ಕಬ್ಬು ಅಲ್ಲೇ ಬೆಲ್ಲವಾಗಬೇಕು, ಅಷ್ಟು ಕಾದಿತ್ತು.

"ಇಳಿಯೋ ಕೆಳಕ್ಕೆ! ಯಾವನ್ಲಾ ನಿಂಗೆ ಕಲ್ಸಿದ್ದು? ರಸ್ತೆಗೆ ಬರೋವಾಗ ನಿಲ್ಲುಸ್ಬೇಕು ಅಂತ ಯೋಳ್ಕೊಡ್ನಿಲ್ವಾ ಆ ನಿನ್ ಮೇಷ್ಟ್ರು? ಅವನ್ ಮನೆ ಆಳಾಗ!"

ಟ್ರ್ಯಾಕ್ಟರಿನವನು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ, ನಾಚಿಕೊಂಡು ನಕ್ಕ. "ಸಾ... ನೀವೇ ಅಲ್ವಾ ಸಾ. ನಾನು ಪುಟ್ಟರಾಜು. ನಿಮ್ತಾವೇ ಕಲ್ತಿದ್ದು."

ಬೆಟ್ಟಯ್ಯ ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಮತ್ಯಾಕ್ಲಾ ನಿಲ್ಲುಸ್ನಿಲ್ಲ?"

"ಎಂಗ್ ನಿಲ್ಲುಸ್ಲಿ ಸಾ?" ಪುಟ್ಟರಾಜು ನಿಜವಾಗಿಯೂ ಕೇಳಿದ. ತಮಾಷೆ ಅವನ ಮುಖದಲ್ಲಿ ಇರಲಿಲ್ಲ. "ಕಾರಲ್ಲಾದ್ರೆ ನೀವ್ ಎಡಗಡೆ ಇರ್ತಿದ್ರಿ. ನಾನು ನೋಡೋ ಅಷ್ಟೊತ್ಗೆ ನಿಂತಿರ್ತಿತ್ತು. ಈಗ್ಲೂ ಅಂಗೇ ಅಂದ್ಕಂಡ್ ಬಂದ್ಬುಡ್ತೀನಿ ಸಾ, ಅಭ್ಯಾಸ."

ನಾನು ಬೆಟ್ಟಯ್ಯನನ್ನು ಎಳವೆಯಿಂದ ಬಲ್ಲೆ. ಅವನನ್ನು ಬಯ್ದವರುಂಟು, ಹೊಡೆದವರುಂಟು, ಕೋರ್ಟಿಗೆ ಎಳೆದವರೂ ಉಂಟು. ಯಾರೂ ಅವನ ಬಾಯಿ ಕಟ್ಟಿರಲಿಲ್ಲ. ಪುಟ್ಟರಾಜು ಕೈಮುಗಿದುಕೊಂಡೇ ಕಟ್ಟಿಬಿಟ್ಟ.

ಬೆಟ್ಟಯ್ಯ ಕಾರಿಗೆ ವಾಪಸು ಬಂದು ಕೂತ. ಮುದುರಿದ ಚಾಪೆಯನ್ನು ಕಾಲಿನಿಂದ ಸರಿಮಾಡಿದ. ಆಮೇಲೆ ಮಗಳ ಕಡೆ ತಿರುಗಿದ.

"ನೀ ಯಾವಾಗ್ ಕಲ್ತೆ?"

"ಕಾರ್ಖಾನೆ ಮಾನಸ ಗೊತ್ತಲ್ಲ, ಅವಳ ಕಾರಲ್ಲಿ. ಊಟದ ಹೊತ್ತಲ್ಲಿ ಅವಳು ಪಕ್ಕದಲ್ಲಿ ಕೂತು ಉಪ್ಪಿಟ್ಟು ತಿಂತಿರ್ತಾಳೆ. ನಾನು ಓಡಿಸ್ತೀನಿ, ನಾನೇ ನಿಲ್ಲಿಸ್ತೀನಿ."

"ಮೊದ್ಲು ಯೋಳ್ನಿಲ್ಲ."

"ಹೇಳಿದ್ರೆ ನೀನು ಬಂದು ಎಡಗಡೆ ಕೂರ್ತಿದ್ದೆ."

"ನನ್ನ ಕೇಳ್ದೆ ನಿಲ್ಲುಸ್ಬುಟ್ಟೆ," ಎಂದ ಬೆಟ್ಟಯ್ಯ. ಅಷ್ಟು ಸಿಟ್ಟಿನಿಂದ ಅವನು ಅದುವರೆಗೆ ಯಾರಿಗೂ ಏನನ್ನೂ ಹೇಳಿರಲಿಲ್ಲ. ಕಣ್ಣು ಯಾಕೆ ಒದ್ದೆಯಾಗಿತ್ತೆಂದು ಕೇಳುವ ಧೈರ್ಯ ಕಾರಿನಲ್ಲಿ ಯಾರಿಗೂ ಇರಲಿಲ್ಲ. "ಓಗು. ಆ ಕೆಂಪುದ್ನೇ ತಕ್ಕೊ. ಬಿಳೀದು ತಂದ್ರೆ ಮನೆ ಒಳಿಕ್ ಬುಡಾಕಿಲ್ಲ."

"ನಾನು ಹೇಳಿದ್ನಲ್ಲ ಸಾರ್, ಕೆಂಪೇ ಚೆನ್ನ," ಎಂದ ಮದನ್ ಹಿಂದಿನಿಂದ. ಅವನನ್ನು ಹದಿನಾರಿನ ಬಸ್ ನಿಲ್ದಾಣದಲ್ಲಿ ಇಳಿಸಿದರು. ಇಳಿಸಿದರು ಎನ್ನುವುದು ಮರ್ಯಾದೆಯ ಮಾತು.

ಅವನ ಫೋನು ಕೆಳಗೆ ಬಿದ್ದಾಗಲೂ ಚಿತ್ರ ಹಿಡಿಯುತ್ತಲೇ ಇತ್ತಂತೆ. ಅದರಲ್ಲಿ ಬಂದದ್ದು ಬೆಟ್ಟಯ್ಯನ ಪಾದ ಮಾತ್ರ, ಖಾಲಿ ಚಾಪೆಯನ್ನು ತುಳಿದು ನಿಂತದ್ದು. ಮದನ್ ಅದನ್ನೇ ಹಾಕಿದ. ಕಾರು ಪ್ರಿಯರು ಮುಗಿಬಿದ್ದು ನೋಡಿದರು. ಬ್ರೇಕ್ ಸ್ವಲ್ಪ ಮೆತ್ತಗಿದೆ ಎಂದು ಒಬ್ಬ ಬರೆದ. ಪೆಡಲ್ ಇನ್ನೊಂದಿಷ್ಟು ಬಲಕ್ಕಿರಬೇಕಿತ್ತು ಎಂದು ಮತ್ತೊಬ್ಬ. ಇಂಥವರ ಮಾತು ಕೇಳಿ ಜನ ಕಾರು ಕೊಳ್ಳುತ್ತಾರೆ, ಅದನ್ನು ನೆನೆದರೆ ನನಗೂ ಮೈಯೆಲ್ಲ ಉರಿಯುತ್ತದೆ.

ಬೆಟ್ಟಯ್ಯ ಈಗಲೂ ಕಲಿಸುತ್ತಾನೆ. ಮೊದಲ ದಿನಗಳಲ್ಲಿ ಎಡಗಡೆಯ ಪೆಡಲ್ ಮೇಲೆ ಕಾಲಿರುತ್ತದೆ. ಕೊನೆಕೊನೆಯ ಪಾಠಗಳಲ್ಲಿ ಮಾತ್ರ, ಊರಾಚೆಯ ಖಾಲಿ ರಸ್ತೆಗೆ ಬಂದ ಕೂಡಲೇ, ಚಪ್ಪಲಿ ಬಿಟ್ಟು ಮದುವೆ ಊಟಕ್ಕೆ ಕೂತಂತೆ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕುತ್ತಾನೆ. ಬಲಗಾಲನ್ನು ಎಡದೊಡೆಯ ಕೆಳಗೆ ಸಿಕ್ಕಿಸಿ, ಮೇಲೆ ಎರಡೂ ಕೈ ಹೇರಿ ಅದುಮಿ ಹಿಡಿಯುತ್ತಾನೆ. ಆ ಕಾಲು ಬಲೆಗೆ ಬಿದ್ದ ಮೀನಿನಂತೆ ಒದ್ದಾಡುತ್ತಿರುತ್ತದೆ. ಬೈಗುಳ ಮೊದಲಿಗಿಂತ ಎರಡರಷ್ಟಾಗಿದೆ. ಕಾಲಿನಿಂದ ಹೋಗಬೇಕಾದದ್ದೆಲ್ಲ ಈಗ ಬಾಯಿಂದ ಹೋಗಬೇಕಲ್ಲ.

ಮೊನ್ನೆ ದಾರಿಗೆ ಮೇಕೆಯೊಂದು ಅಡ್ಡ ಬಂತು. ಕಲಿಯುತ್ತಿದ್ದವನು ಅಭ್ಯಾಸದಂತೆ ಎಡಕ್ಕೆ ತಿರುಗಿ ನೋಡಿ, ಚೀರಿದ: "ಸಾ, ಬ್ರೇಕು!"

"ನನ್ ಮೊಕ ಏನ್ ನೋಡೀಯೆ?" ಎಂದು ಅರಚಿದ ಬೆಟ್ಟಯ್ಯ, ಕಾಲನ್ನು ಎರಡೂ ಕೈಯಲ್ಲಿ ಅವುಚಿಕೊಂಡು. "ನಿಂಗ್ ಕಾಲಿಲ್ವೇನ್ಲಾ?"

ಕಾರು ನಿಂತಿತು. ಮೇಕೆ ಇಬ್ಬರನ್ನೂ ಒಮ್ಮೆ ನೋಡಿ ಹೊರಟುಹೋಯಿತು.