ಮೊದಲ ಮಟ್ಟದ ಮಾದರಿ

ವಿಶ್ವವಿದ್ಯಾಲಯದ ಭಾಷಾ ಕಲಿಕಾ ಕೇಂದ್ರ ಕಟ್ಟಿದವರು ಯಾರು ಎಂದರೆ ಎಲ್ಲರೂ ನಿರ್ದೇಶಕಿಯತ್ತ ಕೈ ತೋರಿಸುತ್ತಾರೆ. ಹಳೆಯ ಉಗ್ರಾಣವೊಂದನ್ನು ಗಿಟ್ಟಿಸಲು ಆಕೆ ಎರಡು ವರ್ಷ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ್ದು ನಿಜ. ಆದರೆ ಹೆಡ್‌ಫೋನ್ ಹಾಕಿಕೊಂಡು ಕೂರುವ ಹನ್ನೆರಡು ಮರದ ಗೂಡುಗಳನ್ನು ಮಾಡಿದವನು ಬಡಗಿ. ಕೇಂದ್ರದ ಮೊದಲ ವಿದ್ಯಾರ್ಥಿಯೂ ಅವನೇ.

ಅವನ ಮಗಳು ಬೇರೆ ಭಾಷೆಯವರ ಮನೆ ಸೇರಿದ್ದಳು. ಮೊಮ್ಮಗಳಿಗೆ ಅಪ್ಪನ ಭಾಷೆ ಬಿಟ್ಟು ಬೇರೆ ಬಾರದು. "ನಮ್ಮಂಥೋರಿಗೂ ಹೇಳಿಕೊಡ್ತೀರಾ ಮೇಡಂ?" ಎಂದು ಅವನು ಉಳಿ ಕೆಳಗಿಟ್ಟು ಕೇಳಿದಾಗ ನಿರ್ದೇಶಕಿ ಉಬ್ಬಿಹೋದಳು. ಅಂದೇ ಕೂರಿಸಿ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಳು. ಅವನು ಬೆವರು ಒರೆಸಿಕೊಳ್ಳುತ್ತ, ಆ ಭಾಷೆಯಲ್ಲಿ ಗೊತ್ತಿದ್ದ ಏಳೆಂಟು ಪದಗಳಲ್ಲೇ ತಡವರಿಸುತ್ತ ಮೊಮ್ಮಗಳ ಬಗ್ಗೆ ಹೇಳಿದ. ಇದನ್ನು ಪಾಠಕ್ಕೆ ಬಳಸಲೇ ಎಂದರೆ, "ಧಾರಾಳವಾಗಿ" ಎಂದ.

ನಾಲ್ಕು ವರ್ಷದಲ್ಲಿ ಅವನು ಮೂರನೇ ಮಟ್ಟ ಮುಟ್ಟಿದ. ಆಕೆ ಮಾತ್ರ ಪ್ರತಿವರ್ಷ ಹೊಸ ಶಿಕ್ಷಕರಿಗೆ ಅಂಕ ಹಾಕುವುದನ್ನು ಕಲಿಸುವಾಗ ಅದೇ ರೆಕಾರ್ಡನ್ನು 'ಮೊದಲ ಮಟ್ಟದ ಮಾದರಿ' ಎಂದು ಕೇಳಿಸುತ್ತಿದ್ದಳು. ಹೆಸರೇನೂ ಹೇಳುವುದಿಲ್ಲವಲ್ಲ ಎಂಬ ಭಂಡ ಧೈರ್ಯ.

ಈ ಸಲ ಒಬ್ಬ ಶಿಕ್ಷಕ ಕಿಸಕ್ಕೆಂದ. ಕೋಣೆಯೆಲ್ಲ ನಕ್ಕಿತು. ನಿರ್ದೇಶಕಿಯೂ ನಕ್ಕಳು, ಅದೂ ಕಣ್ಣಲ್ಲಿ ನೀರು ಬರುವಷ್ಟು. ಕಣ್ಣೊರೆಸಿಕೊಂಡು ನೋಡಿದರೆ, ಕೊನೆಯ ಗೂಡಿನ ಸಡಿಲ ಬಾಗಿಲು ಸರಿಮಾಡಲು ಬಂದಿದ್ದ ಬಡಗಿ ಅಲ್ಲೇ ಮಂಡಿಯೂರಿ ಕೂತಿದ್ದ. ಸ್ಕ್ರೂ ಬಿಗಿ ಮಾಡಿ, ಚೀಲ ಎತ್ತಿಕೊಂಡು ಹೊರಟುಹೋದ.

ತರಗತಿಗೆ ಬರುವುದನ್ನು ಅವನು ಬಿಡಲಿಲ್ಲ; ಬಾಯಿ ತೆರೆಯುವುದನ್ನು ಬಿಟ್ಟ. ಇಂದು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ಆಕೆ ಮೂರು ವಾರ ತಳ್ಳಿದಳು. ಕೊನೆಗೆ ಬಡಗಿಯ ಹೆಂಡತಿಯೇ ಕೇಂದ್ರಕ್ಕೆ ಬಂದಳು.

"ಮಗು ಫೋನಲ್ಲಿ ತಾತ ಎಲ್ಲಿ ಅಂತ ಹುಡುಕುತ್ತೆ. ಇವರು ಫೋನ್ ನನ್ನ ಕೈಗೆ ಕೊಟ್ಟು ಎದ್ದು ಹೋಗ್ತಾರೆ. ಇಲ್ಲಿ ಏನಾದ್ರೂ ಆಯ್ತಾ ಮೇಡಂ?"

"ಇಲ್ವಲ್ಲಮ್ಮ, ಏನೂ ಆಗಿಲ್ಲ" ಎಂದುಬಿಟ್ಟಳು ನಿರ್ದೇಶಕಿ. ಅಷ್ಟು ದೊಡ್ಡ ಹುದ್ದೆಯಲ್ಲಿದ್ದು ಅಷ್ಟು ಸಣ್ಣವಳಾದೆನಲ್ಲ ಎಂದು ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಅವನ ಮರದ ಶೆಡ್ಡಿಗೆ ಹೋಗಿ ನಿಂತಳು. "ರೆಕಾರ್ಡ್ ಅಳಿಸಿ ಹಾಕಿದೀನಿ. ನನ್ನಿಂದ ತಪ್ಪಾಯ್ತು" ಎಂದಳು. ತಲೆ ಎತ್ತಲಾಗಲಿಲ್ಲ.

ಬಡಗಿ ಸ್ಟೂಲಿನ ಮೇಲಿನ ಹೊಟ್ಟು ಒರೆಸಿ ಆಕೆಯತ್ತ ಸರಿಸಿದ.

"ಅವರು ನಕ್ಕಿದ್ದಕ್ಕೆ ಬೇಜಾರಿಲ್ಲ ಮೇಡಂ, ನಗು ಬರೋ ಹಾಗೇ ಇತ್ತು. ಆದ್ರೆ ರೆಕಾರ್ಡ್ ಮಾಡಿದ ದಿನ ನನ್ನೆದುರಿಗೆ ನೀವು ನಗಲಿಲ್ಲ. ಅದಕ್ಕೇ ನಾನು ಬಾಯಿಬಿಟ್ಟಿದ್ದು. ಈಗ ಫೋನಲ್ಲಿ ಮಗು ಸುಮ್ನೆ ನಕ್ಕರೂ, ನನ್ನ ಮಾತಿಗೇ ನಗ್ತಿದೆ ಅನ್ನಿಸುತ್ತೆ."